ಕಂಬ ಹತ್ತಿಸೋದು ಟ್ರೈನಿಂಗ್ ಅಲ್ಲ

(1/5)
ಬಸವೇಶ್ವರನಗರದ ಹಾವನೂರು ಸರ್ಕಲ್‌ನಿಂದ ಯಾವ ರಸ್ತೆಗೆ ಬೇಕಾದ್ರೂ ತಿರುಗಿ, ತಲೆ ಎತ್ತಿ ನೋಡಿ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್. ನಿಮ್ಮ ಮನೆ ವೈಫೈ ಬರೋದು ಅದರಲ್ಲೇ. ಅದನ್ನ ಎಳೆದವನಿಗೆ ನಾವಿಟ್ಟಿರೋ ಹೆಸರು "ಕೇಬಲ್ ಹುಡುಗ". ನಲವತ್ತು ವರ್ಷ ಆಗಿದ್ರೂ ಹುಡುಗನೇ!

ನಮ್ಮ ಕ್ಲಾಸಲ್ಲೂ ಕೆಲವರು ಈ ಲೈನಿಗೆ ಹೋಗ್ತೀನಿ ಅಂತಿದ್ದೀರ. ಹೋಗಿ, ಒಳ್ಳೇ ಕೆಲಸ. ನನ್ನ ಜಗಳ ಕೆಲಸದ ಜೊತೆ ಅಲ್ಲ, "ಟ್ರೈನಿಂಗ್" ಅನ್ನೋ ಪದದ ಜೊತೆ.

(2/5)
ಒಂದು ಕಡೆ ಫೀಸ್ ಕಟ್ಟಿಸ್ಕೊಂಡು, ಎಸಿ ರೂಮಲ್ಲಿ ಪಿಪಿಟಿ ತೋರಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸೋರು. ಇನ್ನೊಂದು ಕಡೆ ಮೊದಲ ದಿನವೇ ಏಣಿ ಕೊಟ್ಟು "ಸೀನಿಯರ್ ಜೊತೆ ಹೋಗು" ಅನ್ನೋರು. ಬೈಕ್ ನಿಮ್ದು, ಪೆಟ್ರೋಲ್ ನಿಮ್ದು. ಸಂಬಳ? "ಟ್ರೈನಿಂಗ್ ಪೀರಿಯಡ್ ಅಲ್ವಾ." ಅಂದ್ರೆ ಬಿಟ್ಟಿ ದುಡಿಮೆ. ಏರಿಯಾ ಕೇಬಲ್ ಆಪರೇಟರ್ ಅಣ್ಣಂದಿರಲ್ಲಿ ಕೈ ಹಿಡಿದು ಕಲಿಸೋರೂ ಇದ್ದಾರೆ, ಅವರಿಗೆ ನಮಸ್ಕಾರ. ನಾನು ಹೇಳ್ತಿರೋದು ಉಳಿದವರ ಬಗ್ಗೆ.

(3/5)
ಕಲಿಯೋದಕ್ಕೆ ಏನಿದೆ ಅಂತೀರಾ? ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ 8 ತಂತಿಯ ಕ್ರಮ ಯೂಟ್ಯೂಬ್ ನೋಡಿದ್ರೆ ಒಂದು ಸಂಜೆಗೆ ಬರುತ್ತೆ. ಆದ್ರೆ ಫೈಬರ್ ಹಾಗಲ್ಲ ಗುರು. ಅದರೊಳಗೆ ಬೆಳಕು ಓಡೋ ದಾರಿ ಸುಮಾರು 9 ಮೈಕ್ರಾನ್, ಕೂದಲಿಗಿಂತ ಎಷ್ಟೋ ಸಣ್ಣ. ಅದನ್ನ ಸುಲಿದು, ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಬೆಸೆಯೋದು ಕೈಗೆ ಹತ್ತೋವರೆಗೂ ಎಷ್ಟು ತುಂಡು ಹಾಳು ಮಾಡೋಕೆ ಬಿಡ್ತಾರೋ ಅಷ್ಟೇ ನಿಮ್ಮ ಟ್ರೈನಿಂಗ್.

ಆ ಗಾಜಿನ ಚೂರು ಚರ್ಮದೊಳಗೆ ಹೋದ್ರೆ ಕಣ್ಣಿಗೆ ಕಾಣಲ್ಲ. ಲೈನಲ್ಲಿ ಓಡೋ ಲೇಸರ್ ಕೂಡ ಕಾಣಲ್ಲ, 1490 ನ್ಯಾನೋಮೀಟರ್ ನಮ್ಮ ಕಣ್ಣಿಗೆ ಕತ್ತಲೆ. "ಲೈಟ್ ಬರ್ತಿದ್ಯಾ ನೋಡು" ಅಂತ ಫೈಬರ್ ತುದಿಯನ್ನ ಕಣ್ಣಿಗೆ ಹಿಡಿಸೋ ಸೀನಿಯರ್ ಸಿಕ್ಕಿದ್ರೆ, ಅವನಿಗೂ ಯಾರೂ ಕಲಿಸಿಲ್ಲ ಅಂತ ತಿಳ್ಕೊಳ್ಳಿ. ಅದಕ್ಕೆ ಪವರ್ ಮೀಟರ್ ಅಂತ ಇದೆ.

(4/5)
ಈಗ ಕಂಬದ ವಿಷಯ. "ಫೈಬರ್ ಅಂದ್ರೆ ಗಾಜು, ಶಾಕ್ ಹೊಡೆಯಲ್ಲ, ಹತ್ತು." ಈ ಮಾತು ಅರ್ಧ ನಿಜ, ಅರ್ಧ ನಿಜ ಸಾಯಿಸುತ್ತೆ. ಗಾಜಿನಲ್ಲಿ ಕರೆಂಟ್ ಹರಿಯಲ್ಲ, ಸರಿ. ಆದ್ರೆ ಮನೆಗೆ ಎಳೆಯೋ ಎಷ್ಟೋ ಡ್ರಾಪ್ ಕೇಬಲ್‌ನಲ್ಲಿ ಭಾರ ಹೊರೋಕೆ ಅಂತಾನೇ ಸ್ಟೀಲ್ ತಂತಿ ಇರುತ್ತೆ. ಅದು ಬೆಸ್ಕಾಂ ಲೈನಿಗೆ ತಾಗಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳ್ಬೇಕಾ? ಮಳೆಯಲ್ಲಿ, ರಾಜಾಜಿನಗರದ ಒದ್ದೆ ಮರದ ಕೊಂಬೆ ಪಕ್ಕದಲ್ಲಿ, ಹೆಲ್ಮೆಟ್ ಇಲ್ಲ, ಬೆಲ್ಟ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಕೆಳಗಡೆ ಕಸ್ಟಮರ್ ಫೋನ್: "ನೆಟ್ ಯಾವಾಗ ಬರುತ್ತೆ?" (ಆ ಫೋನ್ ಮಾಡೋರು ನಾವೇ ಅಲ್ವಾ, ಐಪಿಎಲ್ ದಿನ.)

(5/5)
ಕಾನೂನು ಇಲ್ವಾ? ಇದೆ. ಅಪ್ರೆಂಟಿಸ್ ಆಕ್ಟ್, 1961. 30 ಅಥವಾ ಹೆಚ್ಚು ಜನ ಇರೋ ಸಂಸ್ಥೆ ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು, ಬರವಣಿಗೆಯಲ್ಲಿ ಕಾಂಟ್ರಾಕ್ಟ್ ಮಾಡ್ಕೊಬೇಕು. 2019ರ ನಿಯಮದಲ್ಲೇ ಕನಿಷ್ಠ ಸ್ಟೈಪೆಂಡ್ ಓದಿನ ಮೇಲೆ ತಿಂಗಳಿಗೆ ₹5,000ದಿಂದ ₹9,000 ಅಂತ ಇತ್ತು. ಅದರಲ್ಲಿ 25%, ₹1,500ವರೆಗೆ, ಕೇಂದ್ರ ಸರ್ಕಾರದ ಯೋಜನೆಯಿಂದ ಸಿಗುತ್ತೆ. ಟ್ರೈನಿಂಗ್ ವೇಳೆ ಪೆಟ್ಟಾದ್ರೆ ಪರಿಹಾರ ಕೊಡೋ ಹೊಣೆ ಮಾಲೀಕನದ್ದು, ಸೆಕ್ಷನ್ 16. ಇಷ್ಟೆಲ್ಲ ತಪ್ಪಿಸ್ಕೊಳ್ಳೋಕೇ "ಅಪ್ರೆಂಟಿಸ್" ಅನ್ನಲ್ಲ, "ಟ್ರೈನಿಂಗ್‌ಗೆ ಬಾ ಮಗಾ" ಅಂತಾರೆ. ಟೀ ಶರ್ಟ್ ಹಾಕ್ಸೋವಾಗ ದೊಡ್ಡ ಕಂಪನಿ, ಬಿದ್ದಾಗ ಮಾತ್ರ "ನಮಗೆ ಗೊತ್ತಿಲ್ಲ, ಸಬ್ ಕಾಂಟ್ರಾಕ್ಟರ್‌ನ ಕೇಳಿ".

ವಿಜಯನಗರ, ಕೆಂಗೇರಿ ಕಡೆ ಈ ವಾರ ಸೇರೋಕೆ ಹೋಗ್ತಿರೋರು ಮೊದಲೇ ಕೇಳಿ: ಕಾಂಟ್ರಾಕ್ಟ್ ಎಲ್ಲಿ? ಬೆಲ್ಟ್, ಹೆಲ್ಮೆಟ್ ಯಾರು ಕೊಡ್ತಾರೆ? ಸ್ಪ್ಲೈಸಿಂಗ್ ಮೆಷಿನ್ ನನ್ನ ಕೈಗೆ ಎಷ್ಟನೇ ದಿನ? ಏನು ಉತ್ತರ ಬಂತು ಅಂತ ಕಮೆಂಟಲ್ಲಿ ಹಾಕಿ. ಕಂಪನಿ ಹೆಸರು ಬೇಡ, ಏರಿಯಾ ಸಾಕು.