ಮ್ಯಾರಥಾನ್ ಅಂತ ರಸ್ತೆ ಬಂದ್ ಮಾಡೋದು ಸುಲಭ, ಲೆಕ್ಕ ಕೊಡೋದು ಕಷ್ಟ: ಮುಂಬೈ ಓಟದ ಒಳಗಿನ ಕಥೆ

ಈಗ ಯಾವ ಜಿಲ್ಲೆಗೆ ಹೋದರೂ ವರ್ಷಕ್ಕೆ ಎರಡು ಮೂರು ಸಲ ಸರ್ಕಲ್‌ನಲ್ಲಿ ‘ಮ್ಯಾರಥಾನ್’ ಅಂತ ಫ್ಲೆಕ್ಸ್ ಕಾಣತ್ತೆ. ಮತದಾರರ ಜಾಗೃತಿ ಮ್ಯಾರಥಾನ್, ಏಕತಾ ಮ್ಯಾರಥಾನ್, ಪರಿಸರ ಮ್ಯಾರಥಾನ್. ಓಡೋದು ಮೂರು ಕಿಲೋಮೀಟರ್, ಹೆಚ್ಚೆಂದರೆ ಐದು. ಒಂದು ಟೀ ಶರ್ಟ್, ಒಂದು ಬಾಳೆಹಣ್ಣು, ವೇದಿಕೆ ಮೇಲೆ ಗಣ್ಯರು, ಎಂಟು ಗಂಟೆಗೆ ಎಲ್ಲ ಮುಗಿದಿರತ್ತೆ. ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡ್ ರಸ್ತೆಯ ಹಾಲಿನ ಅಂಗಡಿಯವರು ಕ್ರೇಟ್ ಇಳಿಸೋಕೆ ಜಾಗ ಇಲ್ಲದೆ ಪೊಲೀಸರ ಹತ್ತಿರ ಮಾತಿಗೆ ಮಾತು ಬೆಳೆಸಿರುತ್ತಾರೆ. ರಸ್ತೆ ಬಂದ್ ಆಗತ್ತೆ ಅನ್ನೋದು ಅವರಿಗೆ ಗೊತ್ತಾಗಿದ್ದು ಬ್ಯಾರಿಕೇಡ್ ನೋಡಿದಾಗಲೇ.

ಇದನ್ನು ಸಣ್ಣ ವಿಷಯ ಅಂತ ಬಿಟ್ಟುಬಿಡಬಹುದು. ಆದರೆ ಊರಿನ ರಸ್ತೆಯನ್ನು ಕೆಲವು ಗಂಟೆ ಸಾಲ ತಗೊಂಡು ಓಟ ನಡೆಸೋದು ಅಂದರೆ ಏನು, ಅದಕ್ಕೆ ಯಾರು ಯಾರಿಗೆ ಜವಾಬು ಕೊಡಬೇಕು ಅನ್ನೋದು ತಿಳಿಯಬೇಕಾದರೆ ಪ್ರತಿ ಜನವರಿಯಲ್ಲಿ ಮುಂಬೈಯಲ್ಲಿ ನಡೆಯೋ ಓಟವನ್ನು ಒಮ್ಮೆ ನೋಡಬೇಕು.

ಮೊದಲು ಹೆಸರಿನ ವಿಚಾರ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್, ಅದಕ್ಕಿಂತ ಒಂದು ಗಜ ಕಡಿಮೆ ಇದ್ದರೂ ಅಲ್ಲ. 1896ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸುಮಾರು 40 ಕಿಲೋಮೀಟರ್ ಓಡಿಸಿದ್ದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಈ ವಿಚಿತ್ರ ಲೆಕ್ಕ ಬಂತು, 1921ರಲ್ಲಿ ಅದೇ ಅಧಿಕೃತ ಆಯಿತು. ಬಾಸ್ಟನ್‌ನಲ್ಲಿ 1897ರಿಂದ ವರ್ಷಾವರ್ಷ ಓಡುತ್ತಿದ್ದಾರೆ. ಆದರೆ ಇಡೀ ನಗರದ ಬೀದಿ ಖಾಲಿ ಮಾಡಿಸಿ ಸಾಮಾನ್ಯ ಜನರನ್ನೂ ಸಾವಿರಗಟ್ಟಲೆ ಓಡಿಸೋ ಪದ್ಧತಿಗೆ ನ್ಯೂಯಾರ್ಕ್ ದೊಡ್ಡ ಮಾದರಿ. 1970ರಲ್ಲಿ ಅಲ್ಲಿ ಒಂದು ಪಾರ್ಕಿನೊಳಗೆ 127 ಜನ ಓಟ ಶುರು ಮಾಡಿ 55 ಜನ ಮುಗಿಸಿದ್ದರು. 1976ರಲ್ಲಿ ಅದೇ ಓಟವನ್ನು ಪಾರ್ಕಿನಿಂದ ಹೊರಗೆ ತಂದು ನಗರದ ಐದೂ ಭಾಗಗಳ ಬೀದಿಗೆ ಬಿಟ್ಟರು. ಬೇರೆ ಬೇರೆ ದೇಶಗಳ ನಗರಗಳು ಆಮೇಲೆ ಹಿಡಿದಿದ್ದು ಇದೇ ದಾರಿ.

2004ರಲ್ಲಿ ಶುರು

ಮುಂಬೈ ಮ್ಯಾರಥಾನ್ ಮೊದಲು ನಡೆದದ್ದು 2004ರ ಫೆಬ್ರವರಿಯಲ್ಲಿ. ಮುಂದಿನ ವರ್ಷದಿಂದ ಜನವರಿಗೆ ಬಂತು, ಈಗ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ. ನಡೆಸೋದು ಸರ್ಕಾರ ಅಲ್ಲ, ಪ್ರೊಕ್ಯಾಮ್ ಇಂಟರ್‌ನ್ಯಾಷನಲ್ ಅನ್ನೋ ಖಾಸಗಿ ಕಂಪನಿ. ಅನಿಲ್ ಸಿಂಗ್ ಮತ್ತು ವಿವೇಕ್ ಸಿಂಗ್ ಅನ್ನೋ ಅಣ್ಣತಮ್ಮಂದಿರು 1988ರಲ್ಲಿ ಕಟ್ಟಿದ ಸಂಸ್ಥೆ ಇದು. ಕರ್ನಾಟಕದವರಿಗೂ ಇದು ಹೊಸದೇನಲ್ಲ, 2008ರಿಂದ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ ಓಟ ನಡೆಸುತ್ತಿರೋದೂ ಇವರೇ. ಅದು ಹತ್ತು ಕಿಲೋಮೀಟರ್ ಓಟ, ಹೆಸರಲ್ಲೇ ಹತ್ತು ಅಂತ ಹೇಳಿಕೊಂಡಿದ್ದಾರೆ, ಮ್ಯಾರಥಾನ್ ಅಂತ ಸುಳ್ಳು ಹೇಳಿಲ್ಲ. ನಮ್ಮ ಫ್ಲೆಕ್ಸ್ ಪ್ರಿಂಟಿಂಗ್‌ನವರು ಇಷ್ಟನ್ನಾದರೂ ಗಮನಿಸಬಹುದು.

ಮುಂಬೈಯಲ್ಲಿ ಒಂದೇ ದಿನ ಹಲವು ಓಟ ಇರತ್ತೆ. ಪೂರ್ತಿ ಮ್ಯಾರಥಾನ್, ಅರ್ಧ ಮ್ಯಾರಥಾನ್, 10 ಕಿಲೋಮೀಟರ್, ಹಿರಿಯ ನಾಗರಿಕರದ್ದು, ಅಂಗವಿಕಲರದ್ದು, ಜೊತೆಗೆ ಸುಮಾರು ಆರು ಕಿಲೋಮೀಟರಿನ ‘ಡ್ರೀಮ್ ರನ್’. ಡ್ರೀಮ್ ರನ್‌ನಲ್ಲಿ ವೇಷ ಹಾಕಿಕೊಂಡು, ಬೋರ್ಡ್ ಹಿಡಿದುಕೊಂಡು, ಮಾತಾಡಿಕೊಂಡು ನಡೆಯೋರೇ ಜಾಸ್ತಿ. ಇತ್ತೀಚಿನ ವರ್ಷಗಳಲ್ಲಿ ಎಲ್ಲ ಸೇರಿ 50 ಸಾವಿರಕ್ಕೂ ಹೆಚ್ಚು ಜನ. ಪೂರ್ತಿ ಮ್ಯಾರಥಾನ್‌ಗೆ ಮಾತ್ರ ದುಡ್ಡು ಕಟ್ಟಿದರೆ ಸಾಲದು, ಹಿಂದೆ ಬೇರೆ ಕಡೆ ಓಡಿ ಮುಗಿಸಿದ ಟೈಮಿನ ಸರ್ಟಿಫಿಕೇಟ್ ಕೊಡಬೇಕು. ಕೊರೋನಾದಿಂದ 2021, 2022ರಲ್ಲಿ ಓಟ ಆಗಲಿಲ್ಲ, 2023ರ ಜನವರಿ 15ಕ್ಕೆ ಮತ್ತೆ ಶುರುವಾಯಿತು.

ರಸ್ತೆ ಹೇಗೆ ಸಿಗತ್ತೆ

ಓಟ ಹೊರಡೋದು ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಮುಂದಿನಿಂದ, ಎದುರಿಗೇ ಮಹಾನಗರ ಪಾಲಿಕೆ ಕಚೇರಿ. ಮರೀನ್ ಡ್ರೈವ್, ಪೆದ್ದರ್ ರೋಡ್, ಹಾಜಿ ಅಲಿ, ವರ್ಲಿ ಕಡೆ ಸಾಗಿ ಮಾಹಿಮ್ ಮುಟ್ಟಿ ವಾಪಸ್ ಬರತ್ತೆ. 2009ರಲ್ಲಿ ಬಾಂದ್ರಾ ವರ್ಲಿ ಸೀ ಲಿಂಕ್ ಸೇತುವೆ ಶುರುವಾದ ಮೇಲೆ ಅದನ್ನೂ ದಾರಿಗೆ ಸೇರಿಸಿಕೊಂಡರು. ಉಳಿದ ದಿನ ಅಲ್ಲಿ ನಡೆದು ಹೋಗೋಕೆ ಯಾರಿಗೂ ಬಿಡಲ್ಲ, ಬೈಕಿಗೂ ಬಿಡಲ್ಲ.

ಇಲ್ಲಿ ಒಂದು ಜಾಣತನ ಇದೆ. ಓಟ ಶುರುವಾಗೋ, ಮುಗಿಯೋ ದಕ್ಷಿಣ ಮುಂಬೈ ಆಫೀಸುಗಳ ಜಾಗ. ಸೋಮವಾರ ಅಲ್ಲಿ ಕಾಲಿಡೋಕೆ ಆಗಲ್ಲ, ಭಾನುವಾರ ಬೆಳಗ್ಗೆ ಬಹುಪಾಲು ಖಾಲಿ. ಅಂದರೆ ರಸ್ತೆ ಬಂದ್ ಮಾಡಿದರೆ ಕಡಿಮೆ ಜನರ ವ್ಯಾಪಾರಕ್ಕೆ ಪೆಟ್ಟು ಬೀಳೋ ದಿನ, ಹೊತ್ತು ಮತ್ತು ಜಾಗ ಮೂರನ್ನೂ ನೋಡಿ ಆರಿಸಿದ ಹಾಗಿದೆ. ತಾಲೂಕು ಪಟ್ಟಣದಲ್ಲಿ ಲೆಕ್ಕ ಉಲ್ಟಾ. ಎಷ್ಟೋ ಕಡೆ ಭಾನುವಾರವೇ ಸಂತೆ. ಹಳ್ಳಿಯಿಂದ ಟೊಮೆಟೊ ಕ್ರೇಟ್ ಹೊತ್ತ ಟಾಟಾ ಏಸ್ ಐದು ಗಂಟೆಗೇ ಬಂದು ನಿಲ್ಲತ್ತೆ. ಮದುವೆ ಸೀಸನ್ ಆದರೆ ಕಲ್ಯಾಣ ಮಂಟಪಕ್ಕೆ ಹೂವು, ಹಾಲು, ಅಡುಗೆಯವರು ಎಲ್ಲ ಅದೇ ಹೊತ್ತಿಗೆ ಬರಬೇಕು. ಮುಂಬೈ ನೋಡಿ ‘ಭಾನುವಾರ ಬೆಳಗ್ಗೆ’ ಅನ್ನೋದನ್ನು ಮಾತ್ರ ಕಾಪಿ ಹೊಡೆದರೆ ಮೂಲ ಉದ್ದೇಶವೇ ತಪ್ಪಿಹೋಗತ್ತೆ.

ಎರಡನೆಯದು ಮುಂಚಿತ ಸೂಚನೆ. ಯಾವ ರಸ್ತೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬಂದ್, ಬದಲಿ ದಾರಿ ಯಾವುದು ಅಂತ ಮುಂಬೈ ಸಂಚಾರ ಪೊಲೀಸರು ಮೊದಲೇ ಪ್ರಕಟಿಸುತ್ತಾರೆ. ಬೆಳಗಿನ ಜಾವವೇ ಓಟಗಾರರು ಜಾಗ ತಲುಪಬೇಕಲ್ಲ, ಅದಕ್ಕೆ ಪಶ್ಚಿಮ ರೈಲ್ವೆ ಮತ್ತು ಕೇಂದ್ರ ರೈಲ್ವೆ ಎರಡೂ ವಿಶೇಷ ಲೋಕಲ್ ಟ್ರೈನ್ ಬಿಡುತ್ತವೆ. ಹಾಗಾಗಿ ಸಾವಿರಾರು ಜನ ಕಾರು ತಂದು ಅಂಗಡಿಗಳ ಮುಂದೆ ನಿಲ್ಲಿಸೋ ತಾಪತ್ರಯ ಕಡಿಮೆ. ಇನ್ನು ಇಂಥ ಓಟಗಳಲ್ಲಿ ಪ್ರತಿ ಹಂತಕ್ಕೂ ಗಡುವು ಇರತ್ತೆ. ಆ ಹೊತ್ತಿಗೆ ಅಲ್ಲಿ ದಾಟದವರನ್ನು ಬಸ್ಸಿಗೆ ಹತ್ತಿಸಿ ರಸ್ತೆ ಬಿಟ್ಟುಕೊಡುತ್ತಾರೆ. ಓಡೋರಿಗೆ ಬೇಜಾರು, ಆದರೆ ಬೀದಿಯವರಿಗೆ ಕೊಟ್ಟ ಮಾತು ಉಳಿಯತ್ತೆ.

ಪೆದ್ದರ್ ರೋಡ್ ಏರು ದಾರಿ, ವಾಪಸ್ ಬರುವಾಗ ಕಾಲು ಸೋತಿರೋ ಹೊತ್ತಲ್ಲಿ ಅದು ಎದುರಾಗತ್ತೆ. ಅಲ್ಲಿನ ಮನೆಯವರು ಬೀದಿಗೆ ಬಂದು ಕಿತ್ತಳೆ, ಬಿಸ್ಕತ್ತು, ಚಿಕ್ಕಿ ಕೊಡೋದು, ಚಪ್ಪಾಳೆ ತಟ್ಟೋದು ವರ್ಷಗಳಿಂದ ನಡೆದುಕೊಂಡು ಬಂದಿದೆ. ಇದನ್ನು ಯಾವ ಕಂಪನಿಯೂ ದುಡ್ಡು ಕೊಟ್ಟು ಮಾಡಿಸೋಕೆ ಆಗಲ್ಲ. ಮುಂಚಿತವಾಗಿ ಹೇಳಿದ್ದರಿಂದ ಜನ ಅದನ್ನು ತಮ್ಮ ಹಬ್ಬ ಮಾಡಿಕೊಂಡಿದ್ದಾರೆ ಅಂತ ಹೇಳಬಹುದು.

ತಕ್ಕಡಿಗೆ ಸೀಲ್ ಇದ್ದ ಹಾಗೆ

ಅಂಗಡಿಯವರಿಗೆ ಚೆನ್ನಾಗಿ ಅರ್ಥ ಆಗೋ ಒಂದು ಸಂಗತಿ ಅಳತೆ. ತೂಕ ಮತ್ತು ಅಳತೆ ಇಲಾಖೆಯವರು ಬಂದು ತಕ್ಕಡಿಗೆ ಸೀಲ್ ಹಾಕಿದ ಹಾಗೆ, ಓಟದ ದಾರಿಗೂ ಅಧಿಕೃತ ಅಳತೆ ಆಗಬೇಕು. ಕಾರಿನ ಮೀಟರ್, ಮೊಬೈಲ್ ಮ್ಯಾಪ್ ಇದಕ್ಕೆ ನಡೆಯಲ್ಲ. ಸೈಕಲ್‌ನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನೋ ಪುಟ್ಟ ಯಂತ್ರ ಕೂರಿಸುತ್ತಾರೆ. ಮೊದಲು ಸ್ಟೀಲ್ ಟೇಪಿನಿಂದ ಅಳೆದ ನೇರ ದಾರಿಯಲ್ಲಿ ಸೈಕಲ್ ಹೊಡೆದು, ಚಕ್ರ ಎಷ್ಟು ತಿರುಗಿದರೆ ಎಷ್ಟು ದೂರ ಅನ್ನೋದನ್ನು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಓಟಗಾರ ಎಲ್ಲಿ ಒಳತಿರುವು ಹಿಡಿದು ದೂರ ಉಳಿಸಬಹುದೋ ಅದೇ ಗೆರೆಯಲ್ಲಿ ಇಡೀ ದಾರಿ ಅಳೆಯುತ್ತಾರೆ.

ಇಷ್ಟಾದರೂ ಅನುಮಾನ ಉಳಿಯಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರಿನಂತೆ ಹೆಚ್ಚು ಸೇರಿಸುತ್ತಾರೆ. ಪೂರ್ತಿ ದಾರಿಗೆ ಸುಮಾರು 42 ಮೀಟರ್ ಕೊಸರು. ಹಳೇ ಕಾಲದ ದಿನಸಿ ಅಂಗಡಿಯವರು ತೂಗಿದ ಮೇಲೆ ಒಂದು ಹಿಡಿ ಹಾಕುತ್ತಿದ್ದರಲ್ಲ, ಹಾಗೆ. ದೂರ ಕಡಿಮೆ ಬಿದ್ದರೆ ಅಲ್ಲಿ ಓಡಿದವರ ಯಾವ ದಾಖಲೆಗೂ ಬೆಲೆ ಇಲ್ಲ. ಮುಂಬೈ ಓಟದ ರೇಸ್ ಡೈರೆಕ್ಟರ್ ಆಗಿ ಅನೇಕ ವರ್ಷ ದುಡಿದವರು ಹ್ಯೂ ಜೋನ್ಸ್, 1982ರ ಲಂಡನ್ ಮ್ಯಾರಥಾನ್ ಗೆದ್ದವರು. ಕೌಂಟರ್ ಜೋನ್ಸ್ ಬೇರೆ, ಈ ಜೋನ್ಸ್ ಬೇರೆ.

ಈ ಅಳತೆ ಎಷ್ಟು ಮುಖ್ಯ ಅನ್ನೋದು 2016ರಲ್ಲಿ ಗೊತ್ತಾಯಿತು. ಆ ವರ್ಷ ಭಾರತೀಯರಲ್ಲಿ ಸೇನೆಯ ನಿತೇಂದ್ರ ಸಿಂಗ್ ರಾವತ್ 2 ಗಂಟೆ 15 ನಿಮಿಷ 48 ಸೆಕೆಂಡಿನಲ್ಲಿ ಮೊದಲು ಬಂದರು. ಅವರಿಗೆ ವೇಗ ಹಿಡಿದುಕೊಡೋಕೆ ಅಂತ ಓಡಿದವರು ಕೇರಳದ ಟಿ. ಗೋಪಿ. ಸ್ವಲ್ಪ ದೂರ ಓಡಿ ನಿಲ್ಲಿಸಬೇಕಾದವರು ನಿಲ್ಲಿಸದೆ ಓಡಿ 2 ಗಂಟೆ 16 ನಿಮಿಷ 15 ಸೆಕೆಂಡಿಗೆ ಎರಡನೆಯವರಾದರು. ಮೂರನೆಯವರು ಖೇತಾ ರಾಮ್. ಮೂವರಿಗೂ ರಿಯೋ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿತು, ಅಲ್ಲಿ ಗೋಪಿ 25ನೇ, ಖೇತಾ ರಾಮ್ 26ನೇ ಸ್ಥಾನ ಪಡೆದರು. ದಾರಿಗೆ ಸೀಲ್ ಇಲ್ಲದಿದ್ದರೆ ಆ ಮೂವರ ಟೈಮು ಬರೀ ಬಾಯಿಮಾತಾಗಿ ಉಳಿಯುತ್ತಿತ್ತು.

ದುಡ್ಡು ಯಾರದ್ದು

ಓಟದ ಹೆಸರಲ್ಲೇ ಉತ್ತರ ಇದೆ. 2004ರಿಂದ 2017ರವರೆಗೆ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಹೆಸರು ಮುಂದೆ ಇತ್ತು, 2018ರಿಂದ ಟಾಟಾ. ಪ್ರಾಯೋಜಕರ ದುಡ್ಡು, ಪ್ರವೇಶ ಶುಲ್ಕ, ಕಂಪನಿಗಳು ತಮ್ಮ ನೌಕರರ ತಂಡ ಇಳಿಸೋಕೆ ಕಟ್ಟೋ ದುಡ್ಡು ಇವೆಲ್ಲ ಸೇರಿ ಓಟ ನಡೆಯತ್ತೆ.

ಹಾಗಾದರೆ ಊರಿಗೆ ಏನು ವಾಪಸ್ ಬಂತು? ಇದು ಅಲ್ಲೂ ಜಗಳದ ವಿಷಯವೇ. 2018ರ ಓಟದ ಹೊತ್ತಿಗೆ ಜಾಹೀರಾತು ಮತ್ತು ಜಾಗ ಬಳಕೆಯ ಶುಲ್ಕ ಕಟ್ಟಿ ಅಂತ ಮುಂಬೈ ಪಾಲಿಕೆ ಸಂಘಟಕರಿಗೆ ನೋಟಿಸ್ ಕೊಟ್ಟಿತ್ತು, ಕೋಟಿಗಳ ಲೆಕ್ಕದ ತಕರಾರು. ಯಾರದು ಸರಿ ಅನ್ನೋದಕ್ಕಿಂತ, ಪಾಲಿಕೆ ಲೆಕ್ಕ ಕೇಳಿದ್ದೇ ದೊಡ್ಡದು. ಪುರಸಭೆಗಳಲ್ಲಿ ಇಂಥ ಓಟಕ್ಕೆ ಫ್ಲೆಕ್ಸ್ ಕಟ್ಟಿದ ಬಾಡಿಗೆ ಎಷ್ಟು ಬಂತು, ಮಾರನೇ ದಿನ ಬಾಟಲಿ ಗುಡಿಸಿದ ಪೌರಕಾರ್ಮಿಕರ ಓಟಿ ಯಾರು ಕೊಟ್ಟರು ಅಂತ ಕೇಳಿದ ಸದಸ್ಯರು ಎಷ್ಟು ಜನ?

ಮುಂಬೈಯ ಇನ್ನೊಂದು ಉತ್ತರ ದಾನ. ಯುನೈಟೆಡ್ ವೇ ಮುಂಬೈ ಅನ್ನೋ ಸಂಸ್ಥೆ ಮೂಲಕ ನೂರಾರು ಸ್ವಯಂಸೇವಾ ಸಂಸ್ಥೆಗಳು ಈ ಓಟದ ನೆಪದಲ್ಲಿ ದುಡ್ಡು ಎತ್ತುತ್ತವೆ. ಓಡೋರು ನೆಂಟರು, ಸ್ನೇಹಿತರ ಹತ್ತಿರ ಕೇಳಿ ತಮಗೆ ಬೇಕಾದ ಸಂಸ್ಥೆಗೆ ಕೊಡಿಸುತ್ತಾರೆ. ಶುರುವಾದಾಗಿನಿಂದ ಇದು ನೂರಾರು ಕೋಟಿ ದಾಟಿದೆ. ದುಡ್ಡು ಯಾವ ಸಂಸ್ಥೆಗೆ ಹೋಯಿತು ಅನ್ನೋ ಲೆಕ್ಕವೂ ಪ್ರಕಟ ಆಗತ್ತೆ. ಬೆಂಗಳೂರಿನ 10ಕೆ ಓಟದಲ್ಲೂ ಇಂಥದ್ದೇ ದಾನದ ವ್ಯವಸ್ಥೆ ಇದೆ.

ಒಪ್ಪೋಕೆ ಕಷ್ಟ ಆಗೋದು ಬಹುಮಾನದ ಅಂತರ. ಇತ್ತೀಚಿನ ವರ್ಷಗಳಲ್ಲಿ ಒಟ್ಟಾರೆ ಗೆದ್ದವರಿಗೆ 50 ಸಾವಿರ ಡಾಲರ್, ಭಾರತೀಯರಲ್ಲಿ ಮೊದಲು ಬಂದವರಿಗೆ 5 ಲಕ್ಷ ರೂಪಾಯಿ. 2023ರಲ್ಲಿ 2 ಗಂಟೆ 7 ನಿಮಿಷ 32 ಸೆಕೆಂಡಿಗೆ ಓಡಿ ಇಲ್ಲಿನ ದಾಖಲೆ ಮಾಡಿದ ಇಥಿಯೋಪಿಯಾದ ಹೈಲೆ ಲೆಮಿಯಂಥವರು ಬರದಿದ್ದರೆ ಓಟಕ್ಕೆ ಜಗತ್ತಿನ ಮಟ್ಟದ ಹೆಸರು ಬರಲ್ಲ, ಅದು ನಿಜ. ಆದರೆ ಹಳ್ಳಿಯಿಂದ ಬಂದು ಸೇನೆ ಸೇರಿ, ಓಟವನ್ನೇ ಬದುಕು ಮಾಡಿಕೊಂಡ ಹುಡುಗರ ಪಾಲು ಇನ್ನಷ್ಟು ಇರಬಹುದಿತ್ತು.

ಜೀವದ ಲೆಕ್ಕ

ಇಷ್ಟೆಲ್ಲ ವ್ಯವಸ್ಥೆ ಇದ್ದೂ ಸಾವು ಆಗಿವೆ. 2020ರಲ್ಲಿ 64 ವರ್ಷದ ಒಬ್ಬರು, 2024ರ ಜನವರಿ 21ರಂದು ಇಬ್ಬರು ಓಡುವಾಗ ಕುಸಿದು ತೀರಿಹೋದರು. ದಾರಿಯುದ್ದಕ್ಕೂ ವೈದ್ಯರ ತಂಡ, ಆಂಬುಲೆನ್ಸ್, ನೀರಿನ ಕೌಂಟರ್, ಮುಗಿಯೋ ಜಾಗದ ಹತ್ತಿರ ತಾತ್ಕಾಲಿಕ ಆಸ್ಪತ್ರೆ ಎಲ್ಲ ಇರೋ ಕಡೆಯೇ ಹೀಗೆ. ಮುಂಬೈಯಲ್ಲಿ ಜನವರಿಯಲ್ಲೂ ಬಿಸಿಲೇರಿದರೆ ಸೆಕೆ, ಬೆವರು ಆರಲ್ಲ. ಅದಕ್ಕೇ ಸಾಮಾನ್ಯ ಓಟಗಾರರನ್ನು ಬೆಳಕು ಹರಿಯೋ ಮೊದಲೇ ಬಿಡುತ್ತಾರೆ.

ಬಯಲುಸೀಮೆಯ ಊರುಗಳಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಓಟ ಇಟ್ಟರೆ? ಗಣ್ಯರು ಬರೋದು ತಡ ಆಯಿತು ಅಂತ ಶಾಲಾ ಮಕ್ಕಳನ್ನು ಎಂಟು ಗಂಟೆವರೆಗೆ ಬಿಸಿಲಲ್ಲಿ ನಿಲ್ಲಿಸಿದರೆ? ಹಿಂದಿನ ದಿನ ಊಟ ಬಿಟ್ಟು ಬಂದ ಪಿಯುಸಿ ಹುಡುಗ ಮೂರನೇ ಕಿಲೋಮೀಟರಿನಲ್ಲಿ ಬಿದ್ದರೆ, ತಾಲೂಕು ಆಸ್ಪತ್ರೆಯ ಆಂಬುಲೆನ್ಸ್ ಅದೇ ಬಂದ್ ಆದ ರಸ್ತೆಯಲ್ಲಿ ಹೇಗೆ ಬರಬೇಕು? ಮೂರು ಕಿಲೋಮೀಟರ್ ಓಟಕ್ಕೆ ನೂರಾರು ವೈದ್ಯರು ಬೇಕಿಲ್ಲ. ಒಬ್ಬ ಡಾಕ್ಟರ್, ಒಂದು ಆಂಬುಲೆನ್ಸ್, ಅದಕ್ಕೆ ಬಿಟ್ಟ ಒಂದು ಖಾಲಿ ದಾರಿ ಇಷ್ಟು ಸಾಕು.

ಓಟ ಬೇಡ ಅನ್ನೋದು ಇಲ್ಲಿನ ಮಾತಲ್ಲ. ವರ್ಷಕ್ಕೊಂದು ದಿನವಾದರೂ ಊರಿನ ಮುಖ್ಯ ರಸ್ತೆಯಲ್ಲಿ ಗಾಡಿ ಹೊಗೆ ಇಲ್ಲದೆ ಹೆಣ್ಣುಮಕ್ಕಳು, ವಯಸ್ಸಾದವರು ಕಾಲಾಡಿಸೋದು ಒಳ್ಳೇದೇ. ಟೀ ಅಂಗಡಿ, ಹೋಟೆಲ್‌ನವರಿಗೆ ವ್ಯಾಪಾರವೂ ಆಗಬಹುದು, ಮೊದಲೇ ಗೊತ್ತಿದ್ದರೆ ಇಡ್ಲಿ ಹಿಟ್ಟು ಎರಡು ಪಾತ್ರೆ ಜಾಸ್ತಿ ರುಬ್ಬಿಟ್ಟುಕೊಳ್ಳುತ್ತಾರೆ.

ಮುಂದಿನ ಸಲ ಸರ್ಕಲ್‌ನಲ್ಲಿ ಫ್ಲೆಕ್ಸ್ ಏಳುತ್ತಿದ್ದಂತೆ ವರ್ತಕರ ಸಂಘದವರು ಪುರಸಭೆ ಮತ್ತು ಪೊಲೀಸ್ ಠಾಣೆಗೆ ಹೋಗಿ ಅನುಮತಿ ಪತ್ರದ ಒಂದು ಪ್ರತಿ ಕೇಳಬಹುದು. ಅದರಲ್ಲಿ ರಸ್ತೆ ಬಂದ್ ಆಗೋ ಮತ್ತು ಬಿಡೋ ಹೊತ್ತು, ಸರಕು ಇಳಿಸೋಕೆ ಬದಲಿ ಜಾಗ, ಡಾಕ್ಟರ್ ಎಲ್ಲಿರುತ್ತಾರೆ, ಕಸ ತೆಗೆಯೋದು ಯಾರು, ತೊಂದರೆ ಆದರೆ ಫೋನ್ ಮಾಡಬೇಕಾದ ಸಂಘಟಕರ ಹೆಸರು ಏನು ಅನ್ನೋದು ಇದೆಯಾ ನೋಡಬಹುದು. ಇಲ್ಲದಿದ್ದರೆ ಬರೆಸಿಕೊಂಡು ಬರಬಹುದು, ಓಟಕ್ಕೆ ಒಂದು ವಾರ ಮೊದಲೇ.