ಗೆಳೆಯನನ್ನು ಮಾರಿದವರು ಬಾಗಿಲು ಮುಚ್ಚಿದಾಗ

2024ರ ಡಿಸೆಂಬರಿನಲ್ಲಿ ಅಮೆರಿಕದ ಎಂಬಾಡೀಡ್ ಎಂಬ ಕಂಪೆನಿ, ಬರಬೇಕಿದ್ದ ಬಂಡವಾಳ ಕೈತಪ್ಪಿದ್ದರಿಂದ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. ಕಂಪೆನಿಗಳು ಹುಟ್ಟುತ್ತವೆ, ಮುಳುಗುತ್ತವೆ. ಅದರಲ್ಲಿ ಬರೆಯುವಂಥದ್ದೇನಿದೆ ಎಂದು ಕೇಳಬಹುದು. ಆದರೆ ಅದು ಮಾರಿದ್ದು ಮಿಕ್ಸಿಯನ್ನಲ್ಲ. ಕಣ್ಣು ಮಿಟುಕಿಸಿ ಮಾತಾಡುವ ‘ಮಾಕ್ಸಿ’ ಎಂಬ ರೋಬೋಟನ್ನು 799 ಡಾಲರ್ ಬೆಲೆಗೆ, ಐದರಿಂದ ಹತ್ತು ವರ್ಷದ ಮಕ್ಕಳಿಗೆ ಗೆಳೆಯನೆಂದು ಮಾರಿತ್ತು. ಭಾವನೆಗಳನ್ನು ಗುರುತಿಸಲು, ಜನರೊಡನೆ ಬೆರೆಯಲು ಕಲಿಸುತ್ತದೆ ಎಂಬ ಭರವಸೆಯ ಮೇಲೆ ಆಟಿಸಂ ಇರುವ ಮಕ್ಕಳ ಹೆತ್ತವರೂ ಕೊಂಡಿದ್ದರು. ಅದರ ಬುದ್ಧಿಯೆಲ್ಲ ಇದ್ದದ್ದು ಮಗುವಿನ ಕೋಣೆಯಲ್ಲಲ್ಲ, ದೂರದ ಸರ್ವರುಗಳಲ್ಲಿ. ಸರ್ವರ್ ನಿಂತರೆ ಗೆಳೆಯನೂ ಇಲ್ಲ. ಇದನ್ನು ಮಗುವಿಗೆ ಹೇಗೆ ತಿಳಿಹೇಳಬೇಕು ಎಂದು ಕಂಪೆನಿಯೇ ಒಂದು ಪತ್ರ ಬರೆದುಕೊಟ್ಟಿತು. ಮನೆಯ ಕಂಪ್ಯೂಟರಿನಿಂದಲೇ ಅದನ್ನು ನಡೆಸುವ ತಂತ್ರಾಂಶವನ್ನು ಆಮೇಲೆ ಹೊರಬಿಟ್ಟರು, ನಿಜ. ಅದನ್ನು ಹೊಂದಿಸಿಕೊಳ್ಳಬಲ್ಲ ಮನೆಗಳು ಎಷ್ಟು?

ಇದು ಒಂದು ಕಂಪೆನಿಯ ಕತೆ ಎಂದು ತಳ್ಳಿಹಾಕುವಂತಿಲ್ಲ. ಜಿಬೊ ಎಂಬ ಇನ್ನೊಂದು ರೋಬೋಟು ತನ್ನ ಸರ್ವರುಗಳು ಮುಚ್ಚಲಿವೆಯೆಂದು 2019ರಲ್ಲಿ ತಾನೇ ಮನೆಯವರಿಗೆ ವಿದಾಯ ಹೇಳಿತು. ಆಟಿಸಂ ಚಿಕಿತ್ಸೆಯಲ್ಲಿ ಹಲವು ದೇಶಗಳು ಬಳಸುವ ‘ನಾವೊ’ವನ್ನು ರೂಪಿಸಿದ ಫ್ರಾನ್ಸಿನ ಅಲ್ಡೆಬರಾನ್ 2025ರಲ್ಲಿ ದಿವಾಳಿ ಎದ್ದಿತು. ಆಟಿಸಂ ಇರುವ ಅನೇಕ ಮಕ್ಕಳಿಗೆ ದಿನಚರಿಯ ಸಣ್ಣ ಬದಲಾವಣೆಯೂ ಭಾರ. ಯಂತ್ರ ನಿನ್ನೆಯಂತೆಯೇ ಇಂದೂ ಇರುತ್ತದೆ ಎಂಬ ಕಾರಣಕ್ಕೇ ಅದನ್ನು ಅವರ ಕೈಗೆ ಕೊಡುತ್ತೇವೆ. ಅದು ನಾಳೆ ಇರುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಬಂಡವಾಳಗಾರರ ಮರ್ಜಿಗೆ ಬಿಡುತ್ತೇವೆ!

ಉರ್ದುವಿನಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ನಮ್ಮ ಕೈಗೊಪ್ಪಿಸಿದ್ದು. ನಮ್ಮ ಸರಕಾರಿ ಕಚೇರಿಗಳ ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತಡೆಹಿಡಿಯುವುದು. ಮಗುವಿನ ನಂಬಿಕೆಯನ್ನು ಮೊದಲ ಅರ್ಥದಲ್ಲಿ ಪಡೆದು ಎರಡನೆಯ ಅರ್ಥದಲ್ಲಿ ನಡೆಸಿಕೊಂಡರು.

ಯಂತ್ರವೇ ಬೇಡ ಎನ್ನುವವರು ನಾವಲ್ಲ. ಬ್ರಿಟನ್ನಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾನಿಲಯದಲ್ಲಿ 2005ರಿಂದ ಬೆಳೆದುಬಂದ ಕಾಸ್ಪರ್ ಎಂಬ ರೋಬೋಟಿದೆ. ಪುಟ್ಟ ಹುಡುಗನಷ್ಟು ಎತ್ತರ. ಮನುಷ್ಯರ ಮುಖದಲ್ಲಿ ಕ್ಷಣಕ್ಷಣಕ್ಕೂ ಓಡುವ ಭಾವಗಳು ಈ ಮಕ್ಕಳನ್ನು ಗಲಿಬಿಲಿಗೊಳಿಸಬಹುದೆಂದು ಅದರ ಮುಖವನ್ನು ಬೇಕೆಂದೇ ಸರಳವಾಗಿಟ್ಟರು. ಕಚಗುಳಿಯಿಟ್ಟರೆ ನಗುತ್ತದೆ, ಹೊಡೆದರೆ ನೋವಾಯಿತೆಂದು ಮುಖ ಮುಚ್ಚಿಕೊಳ್ಳುತ್ತದೆ. ಅದನ್ನು ಕಟ್ಟಿದವರು ಅದನ್ನು ಮಧ್ಯಸ್ಥ ಎಂದರು. ರಿಮೋಟನ್ನು ಕೆಲವೊಮ್ಮೆ ದೊಡ್ಡವರು, ಕೆಲವೊಮ್ಮೆ ಮಗುವೇ ಹಿಡಿಯುತ್ತದೆ. ಗಮನ ರೋಬೋಟಿನಿಂದ ಪಕ್ಕದ ಮನುಷ್ಯನ ಕಡೆಗೆ ಹೊರಳಬೇಕು, ಅಷ್ಟೇ ಉದ್ದೇಶ.

2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಅಧ್ಯಯನವನ್ನು ಮಾರಾಟಗಾರರು ಪೂರ್ತಿ ಓದಿದ್ದರೆ ಚೆನ್ನಾಗಿತ್ತು. 12 ಮಕ್ಕಳ ಮನೆಗಳಲ್ಲಿ ಒಂದು ತಿಂಗಳು, ದಿನಕ್ಕೆ ಅರ್ಧ ಗಂಟೆ, ರೋಬೋಟು ಮಗುವಿನೊಡನೆ ಆಡಿತು. ಹೆತ್ತವರಲ್ಲೊಬ್ಬರೋ ಪಾಲಕರೋ ಆ ಆಟದಲ್ಲಿ ಜತೆಗಿದ್ದರು. ರೋಬೋಟು ಎದುರಿಗಿಲ್ಲದಾಗಲೂ ಮಕ್ಕಳು ದೊಡ್ಡವರೊಡನೆ ಗಮನ ಹಂಚಿಕೊಳ್ಳುವುದು ಸುಧಾರಿಸಿತು. ಯಂತ್ರವನ್ನು ತೆಗೆದು ಮೂವತ್ತು ದಿನವಾದಾಗ ಅನೇಕ ಮಕ್ಕಳು ಮತ್ತೆ ಹಿಂದೆ ಸರಿದಿದ್ದರು. ಜಾಹೀರಾತಿನವರಿಗೆ ಮೊದಲ ಅರ್ಧ ಸಾಕು. ನಮಗೆ ಎರಡನೆಯ ಅರ್ಧವೂ ಬೇಕು.

ರೋಬೋಟು ದಣಿಯುವುದಿಲ್ಲ, ಗದರುವುದಿಲ್ಲ, ನೂರು ಸಲ ಕೇಳಿದರೂ ಅದೇ ದನಿಯಲ್ಲಿ ಉತ್ತರಿಸುತ್ತದೆ ಎಂದು ಹೊಗಳುತ್ತಾರೆ. ಒಪ್ಪೋಣ. ಮನುಷ್ಯರು ಯಾಕೆ ದಣಿಯುತ್ತಾರೆ ಎಂದು ಇವರಲ್ಲಿ ಯಾರಾದರೂ ಕೇಳಿದ್ದಾರೆಯೇ? ಹಗಲೂ ರಾತ್ರಿ ಒಬ್ಬಳೇ ಮಗುವನ್ನು ನೋಡಿಕೊಳ್ಳುವ ತಾಯಿ ದಣಿಯುತ್ತಾಳೆ. ಅವಳ ಮಗುವನ್ನು ಮದುವೆ ಮನೆಯಲ್ಲಿ, ಹಬ್ಬದ ಮನೆಯಲ್ಲಿ ಓರೆಗಣ್ಣಿನಿಂದ ನೋಡುವವರು ನಾವೇ ಅಲ್ಲವೇ? ಒಂಟಿತನವನ್ನು ಮೊದಲು ನಾವು ಕೊಟ್ಟು, ಆಮೇಲೆ ಅದಕ್ಕೆ ಯಂತ್ರವನ್ನು ಮಾರುವುದು ವ್ಯಾಪಾರವಿರಬಹುದು, ಚಿಕಿತ್ಸೆಯಂತೂ ಅಲ್ಲ.

ಯಂತ್ರವಿಲ್ಲದೆಯೂ ಈ ಕೆಲಸ ಬಲ್ಲವರು ಹತ್ತಿರದಲ್ಲೇ ಇದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಮಗುವಿನ ಜತೆ ತಾಯಿಯೂ ಕೂತು ಕಲಿಯುತ್ತಾಳೆ. ಮಗುವಿನೊಡನೆ ಮನೆಗೆ ಹೋಗುವುದು ಅವಳೇ ತಾನೆ? ಅಂಥ ತರಗತಿಗಳು ಜಿಲ್ಲೆ ಜಿಲ್ಲೆಗೂ ಬರಲಿ, ಅಲ್ಲಿ ದುಡಿಯುವ ಶಿಕ್ಷಕಿಯರಿಗೆ ಬದುಕಲು ಸಾಲುವಷ್ಟು ಸಂಬಳ ಸಿಗಲಿ. ಆಮೇಲೂ ರೋಬೋಟು ಬೇಕೆನಿಸಿದರೆ ಇಂಟರ್ನೆಟ್ಟಿಲ್ಲದೆ ನಡೆಯುವ, ಕಂಪೆನಿ ಮುಚ್ಚಿದ ಮೇಲೂ ರಿಪೇರಿಯಾಗುವ ಒಂದನ್ನು ತರಬಹುದು. ಅದರ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಮಾತ್ರ ದುಡ್ಡು ಕೊಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.