ಕಳ್ಳನೇ ಆಗಿರಲಿ, ನನಗೊಬ್ಬ ಕಾರ್ಪೊರೇಟರ್ ಬೇಕು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. "ಕಾರ್ಪೊರೇಟರ್‌ಗಳಿಲ್ಲದೆ ಐದು ವರ್ಷ ಆಯ್ತು. ಬೆಂಗಳೂರೇನು ಮುಳುಗಿಹೋಯ್ತಾ?" ಕೆಳಗೆ ಸಾಲಾಗಿ ಥಂಬ್ಸ್ ಅಪ್.

ಮುಳುಗಿತ್ತಲ್ಲ ಸ್ವಾಮಿ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಆಸುಪಾಸಿನ ನಮ್ಮಂಥ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ಇಷ್ಟು ಬೇಗ ಮರೆತುಹೋಯ್ತಾ? ಆವತ್ತು ಇಡೀ ಊರಿಗೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇದ್ದಿದ್ದರೆ ನೀರು ಬರ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಬಂದಾಗ ಯಾರ ಮನೆ ಬಾಗಿಲು ತಟ್ಟಬೇಕು ಅನ್ನೋದಾದರೂ ಗೊತ್ತಿರ್ತಿತ್ತು.

ಲೆಕ್ಕ ಸರಳವಾಗಿದೆ. ಬಿಬಿಎಂಪಿಗೆ ಕೊನೇ ಚುನಾವಣೆ ಆಗಿದ್ದು 2015ರ ಆಗಸ್ಟಿನಲ್ಲಿ. 198 ವಾರ್ಡು, 198 ಕಾರ್ಪೊರೇಟರ್‌ಗಳು. ಅವರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವಧಿ ಮುಗಿಯೋ ಮುಂಚೆಯೇ ಮುಂದಿನ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ಮಾಡಬಹುದು, ಮಾಡದೆಯೂ ಇರಬಹುದು ಅನ್ನೋ ಭಾಷೆ ಅಲ್ಲಿಲ್ಲ. 2020ರ ಡಿಸೆಂಬರಿನಲ್ಲಿ ಹೈಕೋರ್ಟು ಚುನಾವಣೆ ಮಾಡಿ ಅಂತು. ಅದೇ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ತಡೆ ಸಿಕ್ಕಿತು. ಆಮೇಲೆ ಶುರುವಾಯ್ತು ಗಡಿ ಎಳೆಯೋ ಆಟ. 198 ವಾರ್ಡು 243 ಆಯ್ತು. 243 ಹೋಗಿ 225 ಆಯ್ತು. ಈಗ ಬಿಬಿಎಂಪಿನೇ ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ಪಾಲಿಕೆ. ವಾರ್ಡುಗಳನ್ನ ಮತ್ತೆ ಮೊದಲಿಂದ ಎಳೆಯಬೇಕಾಯ್ತು.

ನಮ್ಮ ಫೀಲ್ಡಿನಲ್ಲಿ ಇಂಥ ಟೀಮುಗಳನ್ನ ನೋಡಿರ್ತೀರ. ರಿಲೀಸ್ ಯಾವಾಗ ಅಂದ್ರೆ "ಆರ್ಕಿಟೆಕ್ಚರ್ ಸರಿ ಇಲ್ಲ, ರೀರೈಟ್ ಮಾಡ್ತಿದೀವಿ" ಅಂತಾರೆ. ಮುಂದಿನ ವರ್ಷ ಕೇಳಿದ್ರೂ ಅದೇ ಉತ್ತರ. ನಮ್ಮ ಕಂಪನಿಗಳಲ್ಲಾದ್ರೆ ಎರಡನೇ ವರ್ಷಕ್ಕೇ ಮ್ಯಾನೇಜರ್‌ನ ಮನೆಗೆ ಕಳಿಸ್ತಾರೆ. ಇಲ್ಲಿ ಮ್ಯಾನೇಜರ್ ಬದಲಾದ, ಉತ್ತರ ಬದಲಾಗಲಿಲ್ಲ. 2020ರಲ್ಲಿ ಇದ್ದಿದ್ದು ಬಿಜೆಪಿ ಸರ್ಕಾರ, 2023ರಿಂದ ಇರೋದು ಕಾಂಗ್ರೆಸ್. ವಿಧಾನಸೌಧದಲ್ಲಿ ಪರಸ್ಪರ ಕಚ್ಚಾಡೋ ಪಕ್ಷಗಳು ಈ ವಿಷಯದಲ್ಲಿ ಮಾತ್ರ ಒಂದೇ ದಾರಿ ಹಿಡಿದಿವೆ. ಯಾಕೆ ಅಂತ ಕೇಳಿಕೊಳ್ಳಿ. ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಎಂಎಲ್ಎನೇ ರಾಜ. ಮೋರಿ ಕೆಲಸಕ್ಕೂ ಅವರೇ ಗುದ್ದಲಿ ಪೂಜೆ, ಪಾರ್ಕಿನ ಗೇಟಿಗೂ ಅವರದೇ ಫೋಟೋ. ಅಧಿಕಾರ ಹಂಚಿಕೊಳ್ಳೋಕೆ ಯಾರಿಗೆ ತಾನೇ ಇಷ್ಟ?

"ಚುನಾವಣೆ ಮಾಡೋಕೆ ಪರಿಸ್ಥಿತಿ ಇರಲಿಲ್ಲ, ಕೊರೋನಾ ಇತ್ತು" ಅಂತ ಯಾರಾದ್ರೂ ಹೇಳಿದ್ರೆ ನಮ್ಮೂರ ಕಥೆ ಹೇಳ್ತೀನಿ. ನಮ್ಮದು ಶ್ರೀನಿವಾಸಪುರ ತಾಲೂಕಿನ ಯಲ್ದೂರು. ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಬೆಂಗಳೂರು ಓಡಾಡ್ತಿದ್ದ ಅದೇ 2020ರ ಡಿಸೆಂಬರಿನಲ್ಲಿ, ಅದೇ ಕೊರೋನಾ ನಡುವೆ, ಈ ರಾಜ್ಯದ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಿಗೆ ಚುನಾವಣೆ ಆಯ್ತು. ನಾನೂ ಮಾಸ್ಕ್ ಹಾಕ್ಕೊಂಡು ಬಸ್ ಹತ್ತಿ ಹೋಗಿ ವೋಟ್ ಹಾಕಿ ಬಂದೆ. ಹಳ್ಳಿಗರಿಗೆ ಸಾಧ್ಯವಾಗಿದ್ದು ಐಟಿ ರಾಜಧಾನಿಗೆ ಸಾಧ್ಯ ಆಗಲಿಲ್ಲ ಅಂದ್ರೆ ಅದು ಪರಿಸ್ಥಿತಿ ಅಲ್ಲ, ಮನಸ್ಸಿಲ್ಲ ಅಷ್ಟೇ.

ನಮ್ಮೂರ ಮೆಂಬರ್ರು ದೇವರೇನಲ್ಲ. ಯಾರ ಮನೆ ಮುಂದೆ ಮೊದಲು ಸಿಮೆಂಟ್ ರೋಡ್ ಆಯ್ತು, ಯಾಕಾಯ್ತು ಅಂತ ಊರಿಗೆಲ್ಲ ಗೊತ್ತು. ಆದರೆ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಅವರೂ ಬರಬೇಕು, ನಮ್ಮಮ್ಮನೂ ಹೋಗಬೇಕು. "ಬೀದಿ ಲೈಟ್ ಹೋಗಿ ಎಂಟು ದಿನ ಆಯ್ತಲ್ಲಪ್ಪ, ಕಣ್ಣಿಗೆ ಕಾಣಿಸಲ್ವಾ ನಿಂಗೆ?" ಅಂತ ಅಮ್ಮ ಕ್ಯಾನ್ ಹಿಡ್ಕೊಂಡೇ ಕೇಳ್ತಾಳೆ. ಹತ್ತು ಜನರ ಮುಂದೆ. ಅವತ್ತೇ ಸಂಜೆ ಲೈಟ್ ಬರುತ್ತೆ ಅಂತಲ್ಲ. ನಾಳೆ ಬೆಳಿಗ್ಗೆ ಮತ್ತೆ ಅದೇ ಡೈರಿಗೆ ಬರಬೇಕಲ್ಲ ಅನ್ನೋ ಭಯ ಇರುತ್ತೆ. ಆ ಭಯಕ್ಕೇ ಸ್ಥಳೀಯ ಸರ್ಕಾರ ಅಂತ ಹೆಸರು.

ಎಂಟನೇ ಕ್ಲಾಸು ಓದಿದ ನಮ್ಮಮ್ಮನಿಗೆ ಇರೋ ಈ ಸೌಲಭ್ಯ ಬಿಇ ಮಾಡಿ, ತೆರಿಗೆ ಕಟ್ಟಿಕೊಂಡು ಬೆಂಗಳೂರಿನಲ್ಲಿರೋ ನನಗಿಲ್ಲ. ನನಗೆ ಒಂದು ಆ್ಯಪ್ ಇದೆ. ಗುಂಡಿಯ ಫೋಟೋ ಹಾಕಿದೆ, ಟಿಕೆಟ್ ನಂಬರ್ ಬಂತು. ನಾಲ್ಕನೇ ದಿನ "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಹೋಗಿ ನೋಡಿದ್ರೆ ಗುಂಡಿ ಇದ್ದಲ್ಲೇ ಇದೆ. ಟಿಕೆಟ್ ಮುಚ್ಚಿದ್ದು ಯಾರು ಅಂತ ಕೇಳೋಕೆ ಆ್ಯಪಿನಲ್ಲಿ ಬಟನ್ ಇಲ್ಲ. ಟ್ವಿಟರ್‌ನಲ್ಲಿ ಅಧಿಕಾರಿಗಳನ್ನ ಟ್ಯಾಗ್ ಮಾಡ್ತೀವಿ. ಉತ್ತರ ಬಂದ್ರೆ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ಕುಣಿದಾಡ್ತೀವಿ. ಗುರು, ಅದು ಅಧಿಕಾರ ಅಲ್ಲ, ಅರ್ಜಿ. ಪಾಳೇಗಾರರ ಕಾಲದಲ್ಲೂ ಅರ್ಜಿ ಕೊಡಬಹುದಿತ್ತು.

ಇಷ್ಟೇ ಆಗಿದ್ರೆ ಸಹಿಸಿಕೊಳ್ಳಬಹುದಿತ್ತು. ದುಡ್ಡಿನ ವಿಷಯಕ್ಕೆ ಬನ್ನಿ. 2025-26ರ ಬಿಬಿಎಂಪಿ ಬಜೆಟ್ ಹತ್ತಿರ ಹತ್ತಿರ 20,000 ಕೋಟಿ ರೂಪಾಯಿ. ಅದನ್ನ ಬರೆದವರು ಅಧಿಕಾರಿಗಳು, ಮಂಡಿಸಿದವರು ಅಧಿಕಾರಿಗಳು, ಒಪ್ಪಿದವರು ಅಧಿಕಾರಿಗಳು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಕಸದ ಶುಲ್ಕನೂ ಬಂತು. ಅದು ಸರಿಯೋ ತಪ್ಪೋ, ಚರ್ಚೆ ಆಮೇಲಿರಲಿ. ಎದ್ದು ನಿಂತು "ನಮ್ಮ ವಾರ್ಡಿನ ಕಸ ದಿನಾ ಎತ್ತಲ್ಲ, ಶುಲ್ಕ ಯಾಕೆ?" ಅಂತ ಕೇಳೋಕೆ ಕೌನ್ಸಿಲ್ ಹಾಲಿನಲ್ಲಿ ಒಬ್ಬರೂ ಇರಲಿಲ್ಲ.

ಕಾರ್ಪೊರೇಟರ್‌ಗಳ ಪಾಪ ನನಗೆ ಗೊತ್ತಿಲ್ಲ ಅಂದ್ಕೋಬೇಡಿ. ಫ್ಲೆಕ್ಸು, ಕಮಿಷನ್ನು, ಮಹಿಳಾ ಮೀಸಲಾತಿಯಲ್ಲಿ ಹೆಂಡತಿ ಗೆದ್ದು ಗಂಡ ಮೀಟಿಂಗ್ ಮಾಡೋದು, ಎಲ್ಲ ನೋಡಿದ್ದೀನಿ. ಹೋದ ತಿಂಗಳು ನಮ್ಮ ಏರಿಯಾದ ಮಾಜಿ ಕಾರ್ಪೊರೇಟರ್ ಒಬ್ಬರು ಗಣೇಶನ ಪೆಂಡಾಲಿನಲ್ಲಿ ಸಿಕ್ಕಿದ್ರು. ನಾನು ಸ್ವಲ್ಪ ಕುಟುಕಿಯೇ ಮಾತಾಡಿದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. "ಸಾರ್, ನಿಮಗೆ ನೀರು ಬರಲಿಲ್ಲ ಅಂದ್ರೆ ನನಗೆ ಬೈತಿದ್ರಿ. ನೀರು ಜಲಮಂಡಳಿದು. ಕರೆಂಟು ಬೆಸ್ಕಾಂದು. ಬಸ್ಸು ಬಿಎಂಟಿಸಿದು. ಲೇಔಟು ಬಿಡಿಎದು. ಯಾವುದೂ ನನ್ನ ಕೈಯಲ್ಲಿರಲಿಲ್ಲ. ಆದ್ರೂ ನಾನು ಹೋಗಿ ಆ ಎಂಜಿನಿಯರ್ ಟೇಬಲ್ ಮುಂದೆ ಕೂರ್ತಿದ್ದೆ. ಯಾಕೆ ಗೊತ್ತಾ? ನಿಮ್ಮ ವೋಟು ಬೇಕಿತ್ತು. ಈಗ ಯಾರಿಗೆ ನಿಮ್ಮ ವೋಟು ಬೇಕು ಹೇಳಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವರು ಹೋಗ್ತಾ ಇನ್ನೊಂದು ಮಾತು ಅಂದ್ರು. "ಅದೂ ಅಲ್ದೆ, ನೀವು ವೋಟ್ ಹಾಕಿದ್ರಾ ಸಾರ್?"

ಇಲ್ಲ. 2015ರಲ್ಲಿ ಈ ಊರಿನ ಮತದಾರರಲ್ಲಿ ಅರ್ಧದಷ್ಟು ಜನ ಮನೆಯಲ್ಲೇ ಕೂತಿದ್ರು. ನಾನು ಆ ಲೆಕ್ಕದಲ್ಲೂ ಇಲ್ಲ. ನನ್ನ ಹೆಸರು ಬೆಂಗಳೂರಿನ ಪಟ್ಟಿಯಲ್ಲೇ ಇರಲಿಲ್ಲ. ಇವತ್ತಿಗೂ ಯಲ್ದೂರಿನಲ್ಲೇ ಇದೆ. ಬದುಕೋದು ಇಲ್ಲಿ, ಕಸ ಹಾಕೋದು ಇಲ್ಲಿ, ಬೈಯೋದು ಇಲ್ಲಿ, ವೋಟು ಮಾತ್ರ ಅಲ್ಲಿ. ನನ್ನ ಟೀಮಿನ ಅರ್ಧ ಜನರ ಕಥೆ ಇದೇ. ನಮ್ಮಂಥವರ ಗೈರುಹಾಜರಿಯನ್ನ ನಂಬಿಕೊಂಡೇ ಚುನಾವಣೆ ಮುಂದೂಡ್ತಿದ್ದಾರೆ. ಬೀದಿಗಿಳಿದು ಕೇಳೋರು ಯಾರೂ ಇಲ್ಲ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು, ಊರಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೆಮ್ಮೆಪಡೋ ಹಾಗೂ ಇಲ್ಲ. ಗ್ರಾಮ ಪಂಚಾಯತಿಯ ಮೇಲಿನ ಎರಡು ಮೆಟ್ಟಿಲು, ತಾಲೂಕು ಪಂಚಾಯತಿ ಮತ್ತು ಜಿಲ್ಲಾ ಪಂಚಾಯತಿ, 2021ರಿಂದ ಖಾಲಿ ಬಿದ್ದಿವೆ. ಅಲ್ಲೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಅದೇ ರಾಗ. ದೇಶಕ್ಕೆ ಪಂಚಾಯತ್ ರಾಜ್ ತಿದ್ದುಪಡಿ ಬರೋ ಎಷ್ಟೋ ಮುಂಚೆ, 1983ರಲ್ಲೇ ಕಾನೂನು ಮಾಡಿ ಹಳ್ಳಿಯವರ ಕೈಗೆ ಅಧಿಕಾರ ಕೊಟ್ಟ ರಾಜ್ಯ ಇದು. ಅಬ್ದುಲ್ ನಜೀರ್ ಸಾಬರನ್ನ ಬೋರ್‌ವೆಲ್ ಹಾಕಿಸಿದ್ದಕ್ಕೆ ನೀರ್ ಸಾಬ್ ಅಂತ ನೆನೆಯೋ ನಾವು, ಅವರು ಹಾಕಿಕೊಟ್ಟ ಈ ಇನ್ನೊಂದು ಬಾವಿ ಬತ್ತಿಹೋಗಿದ್ದನ್ನ ನೋಡ್ತಾನೂ ಇಲ್ಲ.

ಇದು ಬರೀ ತತ್ವದ ಮಾತಲ್ಲ. ನಾನಿರೋ ಏರಿಯಾದ ಒಳಚರಂಡಿ ನೀರು ಹೋಗೋದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ. ಅಲ್ಲಿ ಅದನ್ನ ಎರಡು ಹಂತ ಶುದ್ಧ ಮಾಡಿ, 2018ರಿಂದ ಪೈಪಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡ್ತಿದ್ದಾರೆ. ಸಾವಿರ ಅಡಿ ಕೊರೆದರೂ ನೀರು ಸಿಗದೇ ಇದ್ದ ಜಿಲ್ಲೆಗೆ ಅದು ಜೀವ ಕೊಟ್ಟಿದೆ, ಸುಳ್ಳಲ್ಲ. ಕೆರೆ ತುಂಬಿದ್ದು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಮೂರನೇ ಹಂತದ ಶುದ್ಧೀಕರಣನೂ ಮಾಡಿ ಅಂತ ಅಲ್ಲಿನ ಜನ ವರ್ಷಗಳಿಂದ ಕೇಳ್ತಿದ್ದಾರೆ. ಅಂದ್ರೆ ನನ್ನ ಬಾತ್‌ರೂಮಿಂದ ಹೊರಟ ನೀರು ನಮ್ಮ ಜಿಲ್ಲೆಯ ಕೆರೆಗೇ ಹೋಗ್ತಿದೆ. ಆ ನೀರು ಹೇಗಿದೆ ಅಂತ ಪೈಪಿನ ಈ ತುದಿಯಲ್ಲಿ ಕೇಳೋಕೆ ಕಾರ್ಪೊರೇಟರ್ ಇಲ್ಲ, ಆ ತುದಿಯಲ್ಲಿ ಕೇಳೋಕೆ ಜಿಲ್ಲಾ ಪಂಚಾಯತಿ ಸದಸ್ಯ ಇಲ್ಲ. ನಡುವೆ ಪಂಪು ಮಾತ್ರ ಓಡ್ತಿದೆ.

ಅದಕ್ಕೇ ಹೇಳ್ತಿದ್ದೀನಿ. ಕಳ್ಳನೇ ಆಗಿರಲಿ, ನನಗೊಬ್ಬ ಕಾರ್ಪೊರೇಟರ್ ಬೇಕು. ಕಳ್ಳ ಅಂತ ಗೊತ್ತಾದರೆ ಐದು ವರ್ಷಕ್ಕೆ ಕಿತ್ತು ಹಾಕಬಹುದು. ವರ್ಗಾವಣೆ ಆಗಿ ಹೋಗೋ ಸಾಹೇಬರನ್ನ ಎಲ್ಲಿಂದ ಕಿತ್ತು ಹಾಕ್ತೀರ? "ಒಳ್ಳೆ ಅಧಿಕಾರಿ ಇದ್ರೆ ಸಾಕು" ಅನ್ನೋರು ತಮ್ಮ ಮನೆಯ ಲಾಭಕ್ಕೆ ಮಾತಾಡ್ತಿದ್ದಾರೆ. ಒಳ್ಳೆ ಅಧಿಕಾರಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯೋ ಶಕ್ತಿ ನಮಗಿದೆ. ನಮ್ಮ ಕಸ ಎತ್ತೋ ಪೌರಕಾರ್ಮಿಕರಿಗೆ, ಗೇಟಿನ ಸೆಕ್ಯುರಿಟಿಯವರಿಗೆ, ಹಿಂದಿನ ಬೀದಿಯ ಶೀಟ್ ಮನೆಯವರಿಗೆ ಇದ್ದಿದ್ದು ಒಂದೇ ದಾರಿ: ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲೋದು. ಅದನ್ನ ಮುಚ್ಚಿದ್ದಕ್ಕೆ ನಾವು ಥಂಬ್ಸ್ ಅಪ್ ಕೊಡ್ತಿದ್ದೀವಿ.

ಗ್ರೂಪಿನಲ್ಲಿ ಇಷ್ಟೆಲ್ಲ ಬರೆಯಲಿಲ್ಲ. ಫಾರ್ಮ್ 8 ತುಂಬಿ ವಿಳಾಸ ಬದಲಾಯಿಸೋ ಲಿಂಕ್ ಹಾಕಿದೆ. ನಾನೇ ಮೊದಲು ತುಂಬಿದೆ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಸುದ್ದಿ ಡೈರಿವರೆಗೆ ಹೋಯ್ತು ಅಂತ ಕಾಣುತ್ತೆ, ಮರುದಿನ ಮೆಂಬರ್ರೇ ಫೋನ್ ಮಾಡಿದ್ರು.

"ಏನಪ್ಪಾ, ಹೆಸರು ತೆಗೆಸ್ತಿದೀಯಂತೆ? ಮುಂದಿನ ಚುನಾವಣೆಗೆ ನಂಗೊಂದು ವೋಟು ಕಮ್ಮಿ ಆಯ್ತಲ್ಲೋ."

ಬೆಂಗಳೂರಿಗೆ ಬಂದು ಇಷ್ಟು ವರ್ಷ ಆಯ್ತು. ನನ್ನ ವೋಟು ಕಮ್ಮಿ ಆಯ್ತು ಅಂತ ಇಲ್ಲಿ ಒಬ್ಬರೂ ಫೋನ್ ಮಾಡಿಲ್ಲ.